ಇಂದಿನ ಧಮ್ಮ ಚಿಂತನೆ: ಕಸುಬಿನವರ ಕಿವಿಮಾತು



ಧಮ್ಮಬಂಧುಗಳೇ, ಭಾನುವಾರ ವಂದನೆ ಮುಗಿಸಿ ಚಹಾ ಕುಡಿಯುವಾಗ ಮಾತು ಕಸುಬಿನ ಕಡೆ ಹೊರಳಿತು. ಬೈಲಹೊಂಗಲದ ಟೇಲರ್ ಅಣ್ಣ ಗುಟ್ಟು ಬಿಟ್ಟುಕೊಟ್ಟ: "ಗಿರಾಕಿ ಬಂದ ಕೇಳಿದ್ರ 'ಕಾಜಾ-ಗುಂಡಿ ಅಷ್ಟ ಬಾಕಿ ಐತ್ರಿ' ಅನ್ನಬೇಕ್ರಿ ಸರ್. ಅರಿವಿಗೆ ಇನ್ನಾ ಕತ್ತರಿ ಬಿದ್ದಿರಂಗಿಲ್ಲ, ಆ ಮಾತ ಬ್ಯಾರೆ." ಕಿತ್ತೂರಿನ ಗೌಂಡಿ ಸುಮ್ಮನಿರುವನೇ? "ಗ್ವಾಡಿ ಸೊಟ್ಟ ಆದ್ರ ಗಿಲಾವ ಐತಿ, ಗಿಲಾವ ಸೊಟ್ಟ ಆದ್ರ ಪೇಂಟರ್ ಅದಾನ, ಅವನೂ ಕೈ ಎತ್ತಿದ್ರ ಅಲ್ಲೊಂದ ಕ್ಯಾಲೆಂಡರ್ ಹಾಕ್ರಿ." ನನ್ನದನ್ನೂ ಹೇಳಿಬಿಡುತ್ತೇನೆ: ಸಾಹೇಬರ ಜೀಪಿನ ಸಪ್ಪಳ ಕೇಳಿದಾಗ ಮಾಸ್ತರನ ಕೈಯಲ್ಲಿ ಸೀಮೆಸುಣ್ಣ ಇರಬೇಕು. ಎಲ್ಲರೂ ನಕ್ಕೆವು. ನಾಲ್ಕನೆಯ ಶೀಲ ಹೇಳಿ ಹತ್ತು ನಿಮಿಷವೂ ಆಗಿರಲಿಲ್ಲ ಎಂಬುದು ಆಮೇಲೆ ನೆನಪಾಯಿತು.

ರಾಮದುರ್ಗದ ನೇಕಾರ ಅಕ್ಕ ಮಾತ್ರ ನಗಿಸಲಿಲ್ಲ. "ಎಳಿ ಹರದದ್ದ ಕಂಡ ಕೂಡ್ಲೇ ಮಗ್ಗ ನಿಲ್ಲಸಬೇಕ್ರಿ. ಗೇಣ ನೇದ ಮ್ಯಾಲೆ ನೋಡಿದ್ರ ಗೇಣ ಬಿಚ್ಚಬೇಕಾಕ್ಕೈತಿ." ಭಗವಾನ್ ಬುದ್ಧರು ರಾಹುಲನಿಗೆ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಮಾಡುವ ಮೊದಲು ನೋಡು, ಮಾಡುವಾಗ ನೋಡು, ಮಾಡಿದ ಮೇಲೂ ನೋಡು. ಮಜ್ಝಿಮ ನಿಕಾಯದ 61ನೆಯ ಸುತ್ತ ಅದು.

ಸವದತ್ತಿ ಕಡೆಯ ನನ್ನ ಅಜ್ಜನಿಗೂ ಇಂಥ ಮಾತು ಬರುತ್ತಿದ್ದವು. ಚಪ್ಪಲಿ ಬಿಗಿಯಾಯಿತು ಅಂದವರಿಗೆ "ಹಾಕ್ಕೊಂಡ ತಿರಗ್ರಿ, ಸಡ್ಲ ಆಗತಾವ". ಸಡಿಲಾಯಿತು ಅಂದವರಿಗೆ "ನೀರ ಹತ್ತಿದ್ರ ಬಿಗಿ ಆಗತಾವ". ಆದರೆ ಒಂದು ಸಂಗತಿ ಹೇಳುವಾಗ ಆತ ನಗುತ್ತಿರಲಿಲ್ಲ. ಪಂಪ್‌ಸೆಟ್ ಬರುವ ಮೊದಲು, ಎತ್ತು ಹೂಡಿ ಬಾವಿಯಿಂದ ನೀರೆತ್ತುವ ದೊಡ್ಡ ತೊಗಲಿನ ಚೀಲ ಹೊಲಿಯುತ್ತಿದ್ದವನು ಆತನೇ. ಚೀಲ ಬಾವಿಗೆ ಇಳಿಯುತ್ತಿತ್ತು. ಆತ ದಂಡೆಗೂ ಹೋಗುವಂತಿರಲಿಲ್ಲ.

ಅಂಗುತ್ತರ ನಿಕಾಯದಲ್ಲಿ ಉಪಾಸಕರು ಮಾಡಬಾರದ ಐದು ವ್ಯಾಪಾರಗಳ ಪಟ್ಟಿ ಇದೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಇದರಲ್ಲಿ ತೊಗಲು ಇಲ್ಲ, ಕ್ಷೌರ ಇಲ್ಲ, ಕಸಬರಿಗೆ ಇಲ್ಲ. ಸಮ್ಯಕ್ ಆಜೀವ ಕೇಳುವುದು ಕೆಲಸದಿಂದ ಯಾರಿಗೆ ನೋವಾಗುತ್ತದೆ ಎಂದು; ಯಾರ ಮಗ ಮಾಡುತ್ತಾನೆ ಎಂದಲ್ಲ. ಹಾಗಂತ "ಕಾಯಕ ದೊಡ್ಡದು, ಇದ್ದಲ್ಲೇ ಇರಿ" ಎನ್ನುವವರ ಮಾತಿಗೂ ತಲೆದೂಗಬೇಡಿ. ಜಾತಿ ಹಂಚಿದ್ದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನು ಎಂದು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ತೋರಿಸಿದರು. ಶಾಕ್ಯರ ಕ್ಷೌರಿಕ ಉಪಾಲಿಗೆ ರಾಜಕುಮಾರರಿಗಿಂತ ಮೊದಲು ದೀಕ್ಷೆ ಸಿಕ್ಕಿತು. ಸಂಘದಲ್ಲಿ ಅವರ ಕೈಗೆ ಯಾರೂ ಮತ್ತೆ ಕತ್ತಿಯನ್ನೇ ಗಂಟುಹಾಕಲಿಲ್ಲ. ರಾಜಗೃಹದ ಮೊದಲ ಸಂಗೀತಿಯಲ್ಲಿ ವಿನಯವನ್ನು ಹೇಳಿದವರೇ ಅವರು.

ಅಜ್ಜನ ಆರಿ ನಮ್ಮ ಮನೆಯಲ್ಲಿ ಬಾಬಾಸಾಹೇಬರ ಫೋಟೋ ಕೆಳಗಿನ ಡ್ರಾದಲ್ಲಿದೆ. ಮಗ ಇಂಜಿನಿಯರಿಂಗ್ ಓದುತ್ತಾನೆ. ಬ್ಯಾಗಿನ ಪಟ್ಟಿ ಕಿತ್ತಾಗ ಆರಿ ತೆಗೆದು ತಾನೇ ಹೊಲಿದುಕೊಳ್ಳುತ್ತಾನೆ.

ಇಂದಿನ ಅಭ್ಯಾಸ: ನಿಮ್ಮ ಹಿರಿಯರು ಹೇಳುತ್ತಿದ್ದ ಕಸುಬಿನ ಒಂದು ಮಾತನ್ನು ಅವರದೇ ಭಾಷೆಯಲ್ಲಿ ಗ್ರೂಪಿಗೆ ಕಳಿಸಿ. ಟೇಲರ್ ಅಣ್ಣಾ, ನನ್ನ ಅಂಗಿಗೆ ಕತ್ತರಿ ಬಿತ್ತೇನ?