ಊರಿನ ಯೋಜನೆಗೆ ಊರವರ ಅಭಿಪ್ರಾಯ: ಮೊಬೈಲ್ ಮೂಲಕ ಸಂಗ್ರಹಿಸುವ ಕ್ರಮ

ಗ್ರಾಮ ಪಂಚಾಯಿತಿಗೆ ಬರುವ ಹಣ ಸೀಮಿತವಾದುದು. ಊರಿನ ಬೇಡಿಕೆಗಳು ಹಲವು. ಕೆರೆಯ ತೂಬು ದುರಸ್ತಿಯಾಗಬೇಕೇ, ಒಕ್ಕಣೆಗೆ ಕಣ ಬೇಕೇ, ಸಂತೆ ಕಟ್ಟೆ ಬೇಕೇ, ಹೊಲದ ದಾರಿ ಮೊದಲೇ ಎಂಬುದನ್ನು ಪ್ರತಿ ವರ್ಷವೂ ತೀರ್ಮಾನಿಸಬೇಕಾಗುತ್ತದೆ. ತೀರ್ಮಾನ ತಪ್ಪಿದರೆ ಹಣ ಖರ್ಚಾಗಿ ಬೀಗ ಹಾಕಿದ ಕಟ್ಟಡವೊಂದು ಉಳಿಯುತ್ತದೆ. ಅಚ್ಚುಕಟ್ಟಿನ ಕೊನೆಯ ರೈತನ ಗದ್ದೆ ಮಾತ್ರ ಒಣಗಿಯೇ ಇರುತ್ತದೆ.

ಈಚಿನ ವರ್ಷಗಳಲ್ಲಿ ಊರವರ ಅಭಿಪ್ರಾಯವನ್ನು ಮೊಬೈಲ್ ಮತ್ತು ಅಂತರಜಾಲದ ಮೂಲಕ ಕೇಳುವ ಪದ್ಧತಿ ಬೆಳೆಯುತ್ತಿದೆ. ಇದು ಒಳ್ಳೆಯ ಸಾಧನ. ಆದರೆ ಕ್ರಮವರಿತು ಬಳಸದಿದ್ದರೆ, ಊರಿನ ಕೆಲವರ ಮಾತೇ ಇಡೀ ಊರಿನ ಮಾತೆಂದು ದಾಖಲಾಗುವ ಅಪಾಯವಿದೆ. ನಿಮ್ಮ ಹಾಲು ಉತ್ಪಾದಕರ ಸಂಘ, ಸ್ವಸಹಾಯ ಸಂಘ ಅಥವಾ ರೈತರ ಗುಂಪು ಪಂಚಾಯಿತಿಯ ಜೊತೆ ಸೇರಿ ಈ ಕೆಲಸವನ್ನು ಹೇಗೆ ಮಾಡಬಹುದೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಯೋಜನೆ ಮಾಡುವ ಅಧಿಕಾರ

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಿಂದ ಜಾರಿಗೆ ಬಂದಿತು. ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯಕ್ಕಾಗಿ ಯೋಜನೆ ತಯಾರಿಸುವ ಹೊಣೆಯನ್ನು ಪಂಚಾಯಿತಿಗಳಿಗೆ ವಹಿಸಲು ಅದರ 243ಜಿ ವಿಧಿ ಅವಕಾಶ ಕಲ್ಪಿಸಿದೆ. ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯು 11ನೇ ಅನುಸೂಚಿಯಲ್ಲಿದೆ. ಅದರಲ್ಲಿ ಮೊದಲನೆಯದೇ ವ್ಯವಸಾಯ. ಸಣ್ಣ ನೀರಾವರಿ, ಪಶುಸಂಗೋಪನೆ, ಸಂತೆ ಮತ್ತು ಜಾತ್ರೆಗಳೂ ಆ ಪಟ್ಟಿಯಲ್ಲಿ ಸೇರಿವೆ. ಆದುದರಿಂದ ಪಂಚಾಯಿತಿಯ ಯೋಜನೆ ಎಂದರೆ ಚರಂಡಿ ಮತ್ತು ಬೀದಿ ದೀಪ ಮಾತ್ರ ಎಂದು ಭಾವಿಸಬಾರದು.

ಜನರನ್ನು ಕೇಳಿ ಯೋಜನೆ ಮಾಡುವುದು ನಮ್ಮಲ್ಲಿ ಹೊಸತಲ್ಲ. ಕೇರಳದಲ್ಲಿ 1996ರಲ್ಲಿ ಜನತಾ ಯೋಜನಾ ಆಂದೋಲನ ಆರಂಭವಾಯಿತು. ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯಂತಹವರು ರೈತರಿಂದಲೇ ನೆಲದ ಮೇಲೆ ಊರಿನ ನಕ್ಷೆ ಬರೆಸಿ, ಕೆರೆ ಕಟ್ಟೆ ಹೊಲಗಳನ್ನು ಗುರುತಿಸಿ ಯೋಜನೆ ಮಾಡುವ ಸಹಭಾಗಿ ಪದ್ಧತಿಯನ್ನು ಬಳಕೆಗೆ ತಂದರು. 2018ರ ಅಕ್ಟೋಬರ್ 2ರಂದು ದೇಶದಾದ್ಯಂತ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಗಾಗಿ ಜನ ಯೋಜನಾ ಅಭಿಯಾನ ಆರಂಭವಾಯಿತು. 2020ರ ಏಪ್ರಿಲ್ 24ರಂದು ಉದ್ಘಾಟನೆಯಾದ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಪಂಚಾಯಿತಿಗಳ ಯೋಜನೆ ಮತ್ತು ಖರ್ಚಿನ ವಿವರಗಳನ್ನು ಯಾರು ಬೇಕಾದರೂ ನೋಡಬಹುದು. ಅಂದರೆ ಯೋಜನೆಯನ್ನು ಅಂತರಜಾಲದಲ್ಲಿ ಓದುವ ದಾರಿ ಈಗಾಗಲೇ ಇದೆ. ಯೋಜನೆ ಬರೆಯುವ ಮೊದಲೇ ನಮ್ಮ ಮಾತು ಅದರೊಳಗೆ ಸೇರುವಂತೆ ಮಾಡುವುದು ಮುಂದಿನ ಕೆಲಸ.

ಮೊಬೈಲ್‌ನ ಅನುಕೂಲ

ಸಭೆಗೆ ಬರಲು ಒಂದು ದಿನದ ಕೂಲಿ ಬಿಡಬೇಕಾದವರು, ಪಟ್ಟಣದಲ್ಲಿ ದುಡಿಯುತ್ತಾ ಊರಿನಲ್ಲಿ ಜಮೀನು ಇಟ್ಟುಕೊಂಡವರು, ಹತ್ತು ಜನರೆದುರು ಮಾತನಾಡಲು ಹಿಂಜರಿಯುವವರು ಮೊಬೈಲ್‌ನಲ್ಲಿ ಬಿಡುವಾದಾಗ ಉತ್ತರ ಕೊಡಬಲ್ಲರು. ಒಡೆದ ಕಾಲುವೆಯ ಚಿತ್ರವನ್ನು ಅದು ಇರುವ ಸ್ಥಳದ ಗುರುತಿನೊಡನೆ ಕಳುಹಿಸಬಹುದು. ಉತ್ತರಗಳು ಬರಹದಲ್ಲಿ ಉಳಿಯುವುದರಿಂದ ಎಣಿಸಲು ಸುಲಭ. ಖರ್ಚೂ ಕಡಿಮೆ.

ಮೊಬೈಲ್‌ನ ಮಿತಿ

ನೀವು ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವ ಕ್ರಮವನ್ನು ಇಲ್ಲಿ ನೆನಪಿಸಿಕೊಳ್ಳಿ. ಬದುವಿನ ಪಕ್ಕದಲ್ಲಿ, ಮರದ ಬುಡದಲ್ಲಿ, ಗೊಬ್ಬರದ ಗುಂಡಿಯ ಹತ್ತಿರ ಮಾದರಿ ತೆಗೆಯಬಾರದು. ತಾಕಿನ ಹಲವು ಕಡೆ ಗುಂಡಿ ತೋಡಿ, ಎಲ್ಲ ಕಡೆಯ ಮಣ್ಣನ್ನೂ ಬೆರೆಸಬೇಕು. ಕೆಂಪು ಮಣ್ಣು ಮತ್ತು ಕಪ್ಪು ಮಣ್ಣು ಎರಡೂ ಇದ್ದರೆ ಬೇರೆ ಬೇರೆ ಮಾದರಿ ತೆಗೆಯಬೇಕು. ಗೊಬ್ಬರದ ಗುಂಡಿಯ ಪಕ್ಕದ ಮಣ್ಣನ್ನು ಎಷ್ಟು ಬುಟ್ಟಿ ಕಳುಹಿಸಿದರೂ ಹೊಲದ ನಿಜವಾದ ಗುಣ ತಿಳಿಯುವುದಿಲ್ಲ.

ಅಭಿಪ್ರಾಯದ ವಿಷಯವೂ ಹೀಗೆಯೇ. ಮೊಬೈಲ್‌ಗೆ ಸುಲಭವಾಗಿ ಸಿಗುವವರು ಹೊಲದ ಒಂದು ಮೂಲೆಯಿದ್ದಂತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ಗ್ರಾಮೀಣ ಭಾಗದ 15ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ಅಂತರಜಾಲ ಬಳಸಿದ್ದ ಪುರುಷರು ಶೇ 48.7, ಮಹಿಳೆಯರು ಶೇ 24.6 ಮಾತ್ರ. ಆ ನಂತರ ಬಳಕೆ ಹೆಚ್ಚಿದ್ದರೂ, ಮನೆಗೊಂದೇ ಮೊಬೈಲ್ ಇದ್ದಲ್ಲಿ ಅದು ಯಾರ ಜೇಬಿನಲ್ಲಿರುತ್ತದೆ ಎಂಬುದನ್ನು ನಿಮ್ಮ ಊರಿನಲ್ಲಿಯೇ ಗಮನಿಸಬಹುದು. ಕಳೆ ತೆಗೆಯುವವರು, ಹಸು ಸಾಕುವವರು, ನೀರು ತರುವವರು ಹೆಚ್ಚಾಗಿ ಮಹಿಳೆಯರು. ಅವರನ್ನು ಬಿಟ್ಟು ಮೇವಿನ ಕೊರತೆಯ ಬಗ್ಗೆಯೋ ಕುಡಿಯುವ ನೀರಿನ ಬಗ್ಗೆಯೋ ಯೋಜನೆ ಮಾಡಿದರೆ ಅದು ಅರ್ಧ ಯೋಜನೆ.

ಅಭಿಪ್ರಾಯ ಸಂಗ್ರಹಿಸುವ ಕ್ರಮ

1. ಮೊದಲು ಮನೆಗಳ ಪಟ್ಟಿ ಮಾಡಿ. ಮುಖ್ಯ ಊರು, ಹಟ್ಟಿ, ತಾಂಡ, ಕಾಲೋನಿ, ತೋಟದ ಮನೆಗಳು ಹೀಗೆ ಪ್ರತಿ ಜನವಸತಿಯಲ್ಲಿ ಎಷ್ಟು ಮನೆಗಳಿವೆ ಎಂಬುದು ಗೊತ್ತಿರಬೇಕು. ಈ ಪಟ್ಟಿ ಇಲ್ಲದಿದ್ದರೆ ಯಾರು ಉತ್ತರಿಸಿಲ್ಲ ಎಂಬುದು ತಿಳಿಯುವುದಿಲ್ಲ.

2. ಹಣದ ಮಿತಿಯನ್ನು ಮುಂಚೆಯೇ ತಿಳಿದುಕೊಳ್ಳಿ. ಬರುವ ಅನುದಾನದಲ್ಲಿ ಯಾವ ಭಾಗ ಯಾವ ಕೆಲಸಕ್ಕೆ ಮೀಸಲು ಎಂಬುದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ ಕೇಳಿ ಬರೆದುಕೊಳ್ಳಿ. ಉದಾಹರಣೆಗೆ 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಡಲಾಗಿತ್ತು. ಉಳಿದ ಶೇ 40 ಭಾಗ ಸಂಬಳ ಮತ್ತು ಆಡಳಿತ ವೆಚ್ಚ ಬಿಟ್ಟು ಸ್ಥಳೀಯ ಅಗತ್ಯಗಳಿಗೆ ಸಲ್ಲುತ್ತಿತ್ತು. ಇಂತಹ ಮಿತಿಯನ್ನು ತಿಳಿಸದೆ ಅಭಿಪ್ರಾಯ ಕೇಳಿದರೆ ಜನ ಆಗದ ಕೆಲಸಗಳನ್ನು ಕೇಳಿ, ಕೊನೆಗೆ ಬೇಸರಗೊಳ್ಳುತ್ತಾರೆ.

3. ಪ್ರಶ್ನೆಗಳು 6ರಿಂದ 8ರೊಳಗಿರಲಿ. ಹೆಚ್ಚಾದರೆ ಅರ್ಧಕ್ಕೆ ಬಿಡುವವರೇ ಹೆಚ್ಚು. ಮೊದಲು ಅನುಭವವನ್ನು ಕೇಳಿ, ನಂತರ ಅಭಿಪ್ರಾಯ ಕೇಳಿ. "ಕೆರೆ ಹೂಳು ತೆಗೆಸುವುದು ಒಳ್ಳೆಯದಲ್ಲವೇ?" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. "ಕಳೆದ ಹಂಗಾಮಿನಲ್ಲಿ ನಿಮ್ಮ ಬೆಳೆಗೆ ನಷ್ಟವಾಗಿದ್ದರೆ ಮುಖ್ಯ ಕಾರಣ ಯಾವುದು?" ಎಂದು ಕೇಳಿ, ನೀರು ತಲುಪಲಿಲ್ಲ, ಕಾಡುಹಂದಿ ಹಾವಳಿ, ಒಣಗಿಸಲು ಜಾಗವಿಲ್ಲ, ಮಾರಲು ಸಾಗಣೆ ಇಲ್ಲ, ಇತರೆ ಎಂದು ಆಯ್ಕೆ ಕೊಡಿ. ಕೊನೆಯಲ್ಲಿ "ಒಂದೇ ಒಂದು ಕೆಲಸ ಮಾಡಬಹುದಾದರೆ ಯಾವುದು ಮೊದಲು?" ಎಂದು ಕೇಳಿ.

4. ಊರಿನ ಮಾತಿನಲ್ಲಿ ಬರೆಯಿರಿ. ಕಚೇರಿಯ ಪದಗಳು ಬೇಡ. ಜಮೀನಿನ ಲೆಕ್ಕ ಎಕರೆ, ಗುಂಟೆಗಳಲ್ಲಿರಲಿ. ಓದಲು ಬಾರದವರಿಗಾಗಿ ಪ್ರಶ್ನೆಗಳನ್ನು ಧ್ವನಿಯಲ್ಲಿಯೂ ಕಳುಹಿಸಿ, ಉತ್ತರವನ್ನು ಧ್ವನಿಯಲ್ಲಿಯೇ ಪಡೆಯಬಹುದು. ಎಲ್ಲರಿಗೂ ಕಳುಹಿಸುವ ಮೊದಲು 10 ಮನೆಗಳಲ್ಲಿ ಕೇಳಿ ನೋಡಿ. ಯಾವ ಪ್ರಶ್ನೆಗೆ ಜನ ತಡವರಿಸುತ್ತಾರೋ ಅದನ್ನು ತಿದ್ದಿ.

5. ಸಮಯ ನೋಡಿ ಕೇಳಿ. ಬಿತ್ತನೆ ಮತ್ತು ಕೊಯ್ಲಿನ ದಿನಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಸಭೆಗಳು ಆರಂಭವಾಗುವುದಕ್ಕೆ ಒಂದು ತಿಂಗಳು ಮೊದಲು, ಹೊಲದ ಕೆಲಸ ಕಡಿಮೆಯಿರುವ 10–15 ದಿನಗಳನ್ನು ಆರಿಸಿಕೊಳ್ಳಿ.

6. ಮೊಬೈಲ್ ಇಲ್ಲದವರಿಗೆ ಬೇರೆ ದಾರಿ ಮಾಡಿ. ಹಾಲಿನ ಡೇರಿಗೆ ಬೆಳಿಗ್ಗೆ ಸಂಜೆ ಬರುವವರನ್ನು ಅಲ್ಲಿಯೇ ಕೇಳಬಹುದು. ಸ್ವಸಹಾಯ ಸಂಘದ ಸಭೆಯಲ್ಲಿ ಮಹಿಳೆಯರನ್ನು ಪ್ರತ್ಯೇಕವಾಗಿ ಕೇಳಬಹುದು. ಪಂಚಾಯಿತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರದಲ್ಲಿ ಓದುವ ಮಕ್ಕಳು ಹಿರಿಯರ ಉತ್ತರ ಬರೆದುಕೊಡಬಹುದು. ಉತ್ತರ ಕಡಿಮೆ ಬಂದ ಜನವಸತಿಯಲ್ಲಿ ಪ್ರತಿ 5ನೇ ಮನೆಗೆ ಹೋಗಿ ಕೇಳಿ. ಪರಿಚಯದ ಮನೆಗಳನ್ನೇ ಆರಿಸಿಕೊಳ್ಳಬಾರದು.

ಎಣಿಕೆಯ ಕ್ರಮ: ಒಂದು ಉದಾಹರಣೆ

ಬಂದ ಉತ್ತರಗಳನ್ನು ಹಾಗೆಯೇ ಕೂಡಿಸಿದರೆ ಹೇಗೆ ತಪ್ಪಾಗುತ್ತದೆಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡೋಣ. ಒಂದು ಪಂಚಾಯಿತಿಯಲ್ಲಿ 1,200 ಮನೆಗಳಿವೆ ಎಂದಿಟ್ಟುಕೊಳ್ಳಿ. ಮುಖ್ಯ ಊರಿನಲ್ಲಿ 700, ಹಟ್ಟಿಯಲ್ಲಿ 300, ತಾಂಡದಲ್ಲಿ 200. ಸಂತೆ ಕಟ್ಟೆ ಮೊದಲೋ, ಕೆರೆ ಕಾಲುವೆಯ ದುರಸ್ತಿ ಮೊದಲೋ ಎಂಬುದು ಪ್ರಶ್ನೆ. ಮನೆಗೊಂದು ಉತ್ತರ. ಮೊಬೈಲ್‌ನಲ್ಲಿ ಬಂದ ಉತ್ತರಗಳು ಹೀಗಿವೆ:

ಮುಖ್ಯ ಊರು: 210 ಉತ್ತರ. ಸಂತೆ ಕಟ್ಟೆ 126, ಕಾಲುವೆ 84.
ಹಟ್ಟಿ: 60 ಉತ್ತರ. ಸಂತೆ ಕಟ್ಟೆ 15, ಕಾಲುವೆ 45.
ತಾಂಡ: 10 ಉತ್ತರ. ಸಂತೆ ಕಟ್ಟೆ 1, ಕಾಲುವೆ 9.
ಒಟ್ಟು: 280 ಉತ್ತರ. ಸಂತೆ ಕಟ್ಟೆ 142, ಕಾಲುವೆ 138.

ಈ ಲೆಕ್ಕದಲ್ಲಿ ಸಂತೆ ಕಟ್ಟೆ ಗೆದ್ದಿತು. ಆದರೆ ಮುಖ್ಯ ಊರಿನಲ್ಲಿ ಶೇ 30 ಮನೆಗಳು ಉತ್ತರಿಸಿದ್ದರೆ, ಹಟ್ಟಿಯಲ್ಲಿ ಶೇ 20, ತಾಂಡದಲ್ಲಿ ಶೇ 5 ಮಾತ್ರ. ಆದುದರಿಂದ ತಾಂಡದಲ್ಲಿ ಪ್ರತಿ 5ನೇ ಮನೆಯಂತೆ 40 ಮನೆಗಳಿಗೆ ಹೋಗಿ ಕೇಳಲಾಯಿತು ಎನ್ನೋಣ. ಅಲ್ಲಿ 4 ಮನೆಗಳು ಸಂತೆ ಕಟ್ಟೆಯನ್ನು, 36 ಮನೆಗಳು ಕಾಲುವೆಯನ್ನು ಕೇಳಿದವು. ಈಗ ತಾಂಡದ 10 ಮೊಬೈಲ್ ಉತ್ತರಗಳ ಬದಲು ಈ 40 ಮನೆಗಳ ಉತ್ತರವನ್ನು ಹಿಡಿದು, ಪ್ರತಿ ಜನವಸತಿಯ ಶೇಕಡಾವಾರನ್ನು ಅಲ್ಲಿನ ಮನೆಗಳ ಸಂಖ್ಯೆಯಿಂದ ಗುಣಿಸಬೇಕು.

ಮುಖ್ಯ ಊರು: ಸಂತೆ ಕಟ್ಟೆ ಶೇ 60, ಅಂದರೆ 420 ಮನೆ, ಕಾಲುವೆ ಶೇ 40, ಅಂದರೆ 280 ಮನೆ.
ಹಟ್ಟಿ: ಸಂತೆ ಕಟ್ಟೆ ಶೇ 25, ಅಂದರೆ 75 ಮನೆ, ಕಾಲುವೆ ಶೇ 75, ಅಂದರೆ 225 ಮನೆ.
ತಾಂಡ: ಸಂತೆ ಕಟ್ಟೆ ಶೇ 10, ಅಂದರೆ 20 ಮನೆ, ಕಾಲುವೆ ಶೇ 90, ಅಂದರೆ 180 ಮನೆ.
ಒಟ್ಟು: ಸಂತೆ ಕಟ್ಟೆ 515 ಮನೆ, ಕಾಲುವೆ 685 ಮನೆ.

ತೀರ್ಮಾನವೇ ತಿರುಗಿತು. ಯಾರೂ ಸುಳ್ಳು ಹೇಳಿಲ್ಲ, ಯಾರೂ ಮೋಸ ಮಾಡಿಲ್ಲ. ಕೇಳುವ ಕ್ರಮವೊಂದೇ ವ್ಯತ್ಯಾಸಕ್ಕೆ ಕಾರಣ. ಈ ಎಣಿಕೆಗೆ ಒಂದು ಹಾಳೆ, ಪೆನ್ಸಿಲ್ ಸಾಕು.

ಈ ಲೆಕ್ಕಕ್ಕೂ ಒಂದು ಮಿತಿಯಿದೆ. ಮುಖ್ಯ ಊರಿನಲ್ಲಿ ಉತ್ತರಿಸದ ಮನೆಗಳವರೂ ಉತ್ತರಿಸಿದವರಂತೆಯೇ ಯೋಚಿಸುತ್ತಾರೆಂದು ಇಲ್ಲಿ ಭಾವಿಸಲಾಗಿದೆ. ಅದು ನಿಜವೇ ಎಂದು ತಿಳಿಯಲು ಅಲ್ಲಿಯೂ ಉತ್ತರಿಸದ 20–30 ಮನೆಗಳನ್ನು ವಿಚಾರಿಸುವುದು ಒಳ್ಳೆಯದು.

ಸಭೆಯ ಮುಂದಿಡುವುದು

ಮೊಬೈಲ್‌ನಲ್ಲಿ ಬಂದ ಅಭಿಪ್ರಾಯವು ಗ್ರಾಮ ಸಭೆಯ ತೀರ್ಮಾನಕ್ಕೆ ಬದಲಿಯಲ್ಲ. ಅದು ಸಭೆಗೆ ಸಹಾಯಕ ಮಾತ್ರ. ನಮ್ಮ ರಾಜ್ಯದಲ್ಲಿ ಬೇಡಿಕೆಗಳು ಜನವಸತಿ ಸಭೆ, ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳ ಮೂಲಕ ಯೋಜನೆಗೆ ಸೇರಬೇಕು. ಆದುದರಿಂದ ಲೆಕ್ಕದ ಹಾಳೆಯನ್ನು ಮೊದಲು ಆಯಾ ಜನವಸತಿಯ ಸಭೆಯಲ್ಲಿ ಗಟ್ಟಿಯಾಗಿ ಓದಿರಿ. ಡೇರಿ, ನ್ಯಾಯಬೆಲೆ ಅಂಗಡಿ, ಪಂಚಾಯಿತಿ ಕಚೇರಿಗಳ ಗೋಡೆಗೆ ಅಂಟಿಸಿರಿ. ಎಷ್ಟು ಮನೆಗಳನ್ನು ಕೇಳಲಾಯಿತು, ಎಷ್ಟು ಮನೆಗಳು ಉತ್ತರಿಸಿದವು, ಯಾವ ಜನವಸತಿಯಲ್ಲಿ ಎಷ್ಟು ಎಂಬ ಮೂರು ಅಂಕಿಗಳು ಅದರಲ್ಲಿ ಇರಲೇಬೇಕು.

ಹೆಚ್ಚು ಮತ ಬಿದ್ದದ್ದೇ ಸರಿಯೆಂದು ಎಲ್ಲ ಸಂದರ್ಭಗಳಲ್ಲಿಯೂ ಹೇಳಲಾಗದು. 12 ಮನೆಗಳ ಒಂದು ಕೇರಿಗೆ ಕುಡಿಯುವ ನೀರೇ ಇಲ್ಲದಿದ್ದರೆ ಅದು ಎಣಿಕೆಯಲ್ಲಿ ಎಂದೂ ಮೇಲೆ ಬಾರದು. ಆದರೂ ಅದು ಮೊದಲ ಕೆಲಸವೇ. ಇಂತಹ ವಿಷಯಗಳನ್ನು ಎದುರು ಬದುರು ಕುಳಿತು ಮಾತನಾಡಿ ತೀರ್ಮಾನಿಸಲೆಂದೇ ಸಭೆ ಇರುವುದು.

ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಯೋಜನೆಯು ಇ-ಗ್ರಾಮಸ್ವರಾಜ್‌ಗೆ ಸೇರಿದ ಮೇಲೆ, ಸಭೆಯಲ್ಲಿ ಒಪ್ಪಿದ ಕೆಲಸ ಅಲ್ಲಿ ಇದೆಯೇ ಎಂದು ತಾಳೆ ನೋಡಿ. ಇಲ್ಲದಿದ್ದರೆ ಕಾರಣವನ್ನು ಪಂಚಾಯಿತಿಗೆ ಬರಹದಲ್ಲಿ ಕೇಳಿ. ಉತ್ತರ ಕೊಟ್ಟವರಿಗೆಲ್ಲ "ಈ ಕೆಲಸ ಸೇರಿದೆ, ಈ ಕೆಲಸ ಈ ಕಾರಣದಿಂದ ಸೇರಿಲ್ಲ" ಎಂದು ತಿಳಿಸಿ. ಹೀಗೆ ತಿಳಿಸದಿದ್ದರೆ ಮುಂದಿನ ವರ್ಷ ಯಾರೂ ಉತ್ತರ ಕೊಡುವುದಿಲ್ಲ.

ಎಚ್ಚರಿಕೆಗಳು

ಅಭಿಪ್ರಾಯ ಕೇಳಲು ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಓಟಿಪಿ ಇವು ಯಾವುವೂ ಬೇಕಾಗಿಲ್ಲ. ಯಾರಾದರೂ ಕೇಳಿದರೆ ಕೊಡಬೇಡಿ. ಉತ್ತರ ಯಾರದೆಂಬುದನ್ನು ಪ್ರಕಟಿಸಬಾರದು. ಜನವಸತಿಯ ಒಟ್ಟು ಲೆಕ್ಕವನ್ನು ಮಾತ್ರ ತೋರಿಸಬೇಕು. ಜಮೀನ್ದಾರನ ಮನೆಯಲ್ಲಿ ಕೂಲಿ ಮಾಡುವವನು ತನ್ನ ಹೆಸರು ಹೊರಬೀಳುತ್ತದೆಂದರೆ ನಿಜ ಹೇಳಲಾರ. ಒಬ್ಬರೇ ಹಲವು ಬಾರಿ ಉತ್ತರಿಸದಂತೆ ಮನೆಗೊಂದು ಕ್ರಮ ಸಂಖ್ಯೆ ಕೊಡಿ. ಆ ಸಂಖ್ಯೆಗಳ ಪಟ್ಟಿ ಊರು ನಂಬುವ ಇಬ್ಬರ ಬಳಿ ಮಾತ್ರ ಇರಲಿ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಅಭಿಪ್ರಾಯ ಕೇಳುವುದು ಸರಿಯಲ್ಲ. ಮೊದಲು ಮಾತನಾಡಿದ ದೊಡ್ಡವರ ಮಾತಿಗೆ ಉಳಿದವರು ತಲೆಯಾಡಿಸುತ್ತಾರೆ.

ನೆನಪಿನಲ್ಲಿಡಬೇಕಾದ ಅಂಶಗಳು

1. ಪ್ರಶ್ನೆಗಿಂತ ಮೊದಲು ಮನೆಗಳ ಪಟ್ಟಿ ಸಿದ್ಧವಿರಲಿ.
2. ಹಣದ ಮಿತಿಯನ್ನು ಹೇಳಿ, ನಂತರ ಬೇಡಿಕೆ ಕೇಳಿ.
3. ಪ್ರಶ್ನೆಗಳು ಕಡಿಮೆಯಿರಲಿ, ಊರಿನ ಮಾತಿನಲ್ಲಿರಲಿ.
4. ಉತ್ತರ ಬಾರದ ಕಡೆ ಮನೆಗೆ ಹೋಗಿ ಕೇಳಿ.
5. ಜನವಸತಿವಾರು ಎಣಿಸಿ, ಮನೆಗಳ ಸಂಖ್ಯೆಗೆ ಹೊಂದಿಸಿ.
6. ತೀರ್ಮಾನ ಸಭೆಯಲ್ಲಿಯೇ ಆಗಲಿ.
7. ಫಲಿತಾಂಶವನ್ನು ಉತ್ತರ ಕೊಟ್ಟವರಿಗೆ ತಿಳಿಸಿ.

ರೈತ ಬಾಂಧವರು ಮುಂದಿನ ಗ್ರಾಮ ಸಭೆಗೆ ಮೊದಲೇ ತಮ್ಮ ಜನವಸತಿಯ ಮನೆಗಳ ಪಟ್ಟಿ ಮಾಡಲು ಆರಂಭಿಸಬಹುದು. ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಇಬ್ಬರು ಮೂವರು ಓದಿದ ಯುವಕ ಯುವತಿಯರು ನಾಲ್ಕು ಸಂಜೆ ಕುಳಿತರೆ ಪಟ್ಟಿ ಮುಗಿಯುತ್ತದೆ. ಕಾಲುವೆಯ ಕೊನೆಯಲ್ಲಿರುವ ಮನೆಯ ಹೆಸರನ್ನು ಮೊದಲು ಬರೆದುಕೊಳ್ಳಿ.