ಕಬ್ಬಿನ ನಾಡಿನಲ್ಲಿ ಆವಿಯ ಲೆಕ್ಕ

ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಭಾಗದ ರೈತರಿಗೆ ನೀರಿನ ಚಿಂತೆ ತಪ್ಪಿದ್ದಲ್ಲ. ಕೃಷ್ಣೆ ತುಂಬಿ ಹರಿದರೆ ಜುಗೂಳ, ಮಂಗಾವತಿ ಕಡೆಯವರಿಗೆ ಮನೆ ಖಾಲಿ ಮಾಡುವ ಚಿಂತೆ. ಏಪ್ರಿಲ್ ಬಂತೆಂದರೆ ಅದೇ ಹೊಳೆ ಬತ್ತಿ ಜಾಕ್‌ವೆಲ್‌ಗೆ ನೀರು ಸಿಗದ ಚಿಂತೆ. ಬೋರಿನಲ್ಲಿ ಎಷ್ಟು ಇಂಚು ನೀರಿದೆ, ಮೂರು ಫೇಸ್ ಕರೆಂಟು ಯಾವ ಪಾಳಿಗೆ ಬರುತ್ತದೆ ಎಂಬುದೆಲ್ಲ ಎಲ್ಲರಿಗೂ ಬಾಯಿಪಾಠ. ಹೊಲಕ್ಕೆ ಬಿಟ್ಟ ಮೇಲೆ ಆ ನೀರಿನಲ್ಲಿ ಎಷ್ಟು ಬೆಳೆಗೆ ಸೇರಿತು, ಎಷ್ಟು ಬಿಸಿಲು ಗಾಳಿಗೆ ಹೋಯಿತು ಎಂಬ ಲೆಕ್ಕ ಮಾತ್ರ ಇಟ್ಟವರು ಕಡಿಮೆ.

ನಮ್ಮ ಭಾಗದ ಇನ್ನೊಂದು ವಿಶೇಷ ನೋಡಿ. ಇಲ್ಲಿನ ಹಣದ ಬೆಳೆಗಳೆಲ್ಲ ನೀರು ತೆಗೆದ ಮೇಲೆಯೇ ರೊಕ್ಕವಾಗುವಂಥವು. ಕಬ್ಬಿನ ಹಾಲು ಬತ್ತಿದರೆ ಬೆಲ್ಲ, ಸಕ್ಕರೆ. ದ್ರಾಕ್ಷಿ ಒಣಗಿದರೆ ಮಣೂಕ. ಬೇಯಿಸಿದ ಅರಿಷಿಣವೂ ನಿಪ್ಪಾಣಿಯ ತಂಬಾಕೂ ಬಿಸಿಲು ಕಾಣದೆ ಪೇಟೆ ಸೇರುವುದಿಲ್ಲ. ಹೊಲದಲ್ಲಿ ನೀರು ಆವಿಯಾಗದಂತೆ ಹಿಡಿಯಬೇಕು, ಗಾಣದಲ್ಲಿ ಅದನ್ನು ಬೇಗ ಓಡಿಸಬೇಕು. ಎರಡೂ ಕಡೆ ನಿಯಮ ಒಂದೇ: ಆವಿಯಾಗಿ ಹೋಗುವುದು ಬರೀ ನೀರು, ಅದರಲ್ಲಿ ಕರಗಿದ್ದದ್ದು ಅಲ್ಲೇ ಉಳಿಯುತ್ತದೆ. ಕಡಾಯಿಯಲ್ಲಿ ಉಳಿದದ್ದು ಸಿಹಿ, ಹೊಲದಲ್ಲಿ ಉಳಿದದ್ದು ಉಪ್ಪು.

ದಿನಕ್ಕೆ ಎಷ್ಟು ಹೋಗುತ್ತದೆ?

ನೀರು ಆವಿಯಾಗಲು ಕುದಿಯಲೇಬೇಕೆಂದಿಲ್ಲ. ಬಿಸಿಲು ಜೋರಾದಷ್ಟೂ, ಗಾಳಿ ಬೀಸಿದಷ್ಟೂ, ಹವೆಯಲ್ಲಿ ತೇವ ಕಡಿಮೆಯಾದಷ್ಟೂ, ತೆರೆದ ಮೈ ಹೆಚ್ಚಿದಷ್ಟೂ ಆವಿ ಹೆಚ್ಚು. ನಿಪ್ಪಾಣಿಯಿಂದ ಅಥಣಿ ಕಡೆಗೆ ಪೂರ್ವಕ್ಕೆ ಹೋದಂತೆ ಮಳೆ ಕಡಿಮೆ, ಹವೆಯೂ ಒಣ. ಆದ್ದರಿಂದ ಚಿಕ್ಕೋಡಿಯಲ್ಲಿ ಎಂಟು ದಿನಕ್ಕೊಮ್ಮೆ ನೀರು ಹಾಯಿಸಿದರೆ ಸಾಕಾದ ಬೆಳೆಗೆ ಪೂರ್ವದ ಮದಭಾವಿ ಕಡೆ ಅದೇ ಅಂತರ ಹಿಡಿದು ಕೂತರೆ ನಡೆಯುವುದಿಲ್ಲ.

ಹವಾಮಾನ ಕೇಂದ್ರಗಳಲ್ಲಿ ಇದನ್ನು ಅಳೆಯುವ ಸಾಧನ ಬಹಳ ಸರಳವಾದದ್ದು. ಸುಮಾರು 120 ಸೆಂ.ಮೀ. ಅಗಲ, 25 ಸೆಂ.ಮೀ. ಆಳದ ದುಂಡು ತೊಟ್ಟಿಯಲ್ಲಿ ನೀರು ತುಂಬಿ, ದಿನವೂ ಎಷ್ಟು ಮಿಲಿಮೀಟರ್ ಇಳಿಯಿತೆಂದು ನೋಡುತ್ತಾರೆ. ಹಕ್ಕಿಗಳು ಕುಡಿಯದಂತೆ ಮೇಲೆ ತಂತಿಜಾಳಿಗೆ. ರೈತರು ತಿಳಿದಿರಬೇಕಾದ ಅಂಕಿ ಒಂದೇ: ಒಂದು ಎಕರೆಯಲ್ಲಿ 1 ಮಿ.ಮೀ. ಎಂದರೆ ಸುಮಾರು 4,000 ಲೀಟರ್.

ಬೇಸಿಗೆಯ ಒಂದು ದಿನ ತೊಟ್ಟಿಯಲ್ಲಿ 8 ಮಿ.ಮೀ. ಇಳಿಯಿತೆಂದು ಹಿಡಿಯಿರಿ. ಕಬ್ಬಿಣದ ತೊಟ್ಟಿ ಕಾಯುವುದರಿಂದ ಅದರಲ್ಲಿ ಹೊಲಕ್ಕಿಂತ ಹೆಚ್ಚು ಆವಿಯಾಗುತ್ತದೆ, ಅದಕ್ಕೆ 0.7ರಿಂದ ಗುಣಿಸಿದರೆ 5.6. ಸಾಲು ಮುಚ್ಚಿ ಬೆಳೆದ ಕಬ್ಬಿಗೆ ಬೆಳೆ ಗುಣಾಂಕ 1.25, ಅದರಿಂದಲೂ ಗುಣಿಸಬೇಕು. ಅಲ್ಲಿಗೆ ದಿನಕ್ಕೆ 7 ಮಿ.ಮೀ., ಅಂದರೆ ಎಕರೆಗೆ 28,000 ಲೀಟರ್. 5 ಅಡಿ ಸಾಲಿನಲ್ಲಿ 40 ಸೆಂ.ಮೀ.ಗೊಂದು ಡ್ರಿಪ್ಪರ್ ಇದ್ದರೆ ಎಕರೆಗೆ ಸುಮಾರು 6,700 ಡ್ರಿಪ್ಪರ್. ಗಂಟೆಗೆ 4 ಲೀಟರಿನವಾದರೆ ಒಂದು ಗಂಟೆಯಲ್ಲಿ ಸುಮಾರು 27,000 ಲೀಟರ್. ಬೇಸಿಗೆಯಲ್ಲಿ ದಿನವೂ ಒಂದು ಗಂಟೆ ಚಿಲ್ಲರೆ ಬಿಟ್ಟರೆ ಸಾಕು. ಹೊಸದಾಗಿ ನಾಟಿ ಮಾಡಿದ ಕಬ್ಬಿಗೆ ಗುಣಾಂಕ ಬರೀ 0.40, ಅಂದರೆ ಇದರ ಮೂರನೇ ಒಂದು ಪಾಲು. ಮೊಳಕೆಯ ಹೊಲಕ್ಕೂ ಎದೆಮಟ್ಟದ ಕಬ್ಬಿಗೂ ಒಂದೇ ಸಮ ಮೂರು ತಾಸು ಮೋಟರ್ ಬಿಡುವವರಿಗೆ ಡ್ರಿಪ್ ಇದ್ದೂ ಇಲ್ಲದಂತೆ.

ಕೃಷಿ ಹೊಂಡಕ್ಕೂ ಇದೇ ಲೆಕ್ಕ. 100 ಅಡಿ ಉದ್ದ, 100 ಅಡಿ ಅಗಲದ ಹೊಂಡದಿಂದ ದಿನಕ್ಕೆ 8 ಮಿ.ಮೀ. ಹೋದರೆ ಸುಮಾರು 7,400 ಲೀಟರ್, ತಿಂಗಳಿಗೆ ಎರಡು ಲಕ್ಷ ಲೀಟರಿಗೂ ಮೇಲೆ. ಆಳ ಎಷ್ಟೇ ಇರಲಿ, ಹೋಗುವುದು ಮೇಲ್ಮೈಯಿಂದ. ಜಾಗವಿದೆಯೆಂದು ಅಗಲ ಮಾಡುವುದಕ್ಕಿಂತ ಆಳ ಮಾಡಿ. ಗಾಳಿ ಬರುವ ದಿಕ್ಕಿಗೆ ಮರ ಹಚ್ಚಿ.

ರವದಿ ಸುಡಬೇಡಿ

ಕಬ್ಬಿನ ಸಾಲು ಮುಚ್ಚುವವರೆಗೆ ಹೊಲದ ಬಹುಪಾಲು ನೆಲ ಬಿಸಿಲಿಗೆ ತೆರೆದಿರುತ್ತದೆ. ಆಗ ಹೋಗುವ ನೀರಿನಿಂದ ಬೆಳೆಗೆ ಏನೂ ಲಾಭವಿಲ್ಲ. ಎಲೆಯ ಮೂಲಕ ಹೋದ ನೀರಾದರೂ ಕಬ್ಬು ಬೆಳೆಸಿ ಹೋಗುತ್ತದೆ. ಹಾಗಾಗಿ ತಡೆಯಬೇಕಾದದ್ದು ಬರಿ ನೆಲದಿಂದ ಹೋಗುವ ಆವಿ. ಅದಕ್ಕೆ ಬೇಕಾದ ಹೊದಿಕೆ ಹೊಲದಲ್ಲೇ ಬಿದ್ದಿರುತ್ತದೆ: ಕಬ್ಬು ಕಡಿದ ಮೇಲೆ ಎಕರೆಗೆ ಮೂರು ನಾಲ್ಕು ಟನ್ ರವದಿ. ಅದಕ್ಕೆ ಕಡ್ಡಿ ಗೀರಿ ಒಂದೇ ಸಂಜೆಯಲ್ಲಿ ಮುಗಿಸುವುದು ನಮ್ಮಲ್ಲಿ ರೂಢಿ. ಬೆಂಕಿ ಹಚ್ಚಿದ ಹೊಲ ನೋಡಲು ಸ್ವಚ್ಛ ಕಾಣುತ್ತದೆ ನಿಜ, ಆದರೆ ಎಂಟು ದಿನದಲ್ಲಿ ಎರಿ ಮಣ್ಣು ಬಿರಿದು, ಬಿರುಕಿನ ಒಳಗಿನಿಂದಲೂ ತೇವ ಹೋಗತೊಡಗುತ್ತದೆ.

ಕೂಳೆ ಬೆಳೆಯಲ್ಲಿ ಹೀಗೆ ಮಾಡಿ. ಕಟಾವು ಆದ ಕೂಡಲೇ ಬುಡಗಳನ್ನು ನೆಲಮಟ್ಟಕ್ಕೆ ಸವರಿ. ರವದಿಯನ್ನು ಬುಡದ ಮೇಲಿಂದ ಸರಿಸಿ ಸಾಲಿನ ನಡುವೆ ಹಾಸಿ. ಬುಡಕ್ಕೆ ಬಿಸಿಲು ಬಿದ್ದರಷ್ಟೇ ಮರಿಗಳು ಒಟ್ಟಿಗೆ ಏಳುತ್ತವೆ. ಟ್ರ್ಯಾಕ್ಟರಿನ ರವದಿ ಕತ್ತರಿಸುವ ಯಂತ್ರ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಹಾಗೇ ಹಾಸಿದರೂ ನಡೆದೀತು. ಟನ್ ರವದಿಗೆ 8 ಕೆ.ಜಿ. ಯೂರಿಯಾ, 10 ಕೆ.ಜಿ. ಸಿಂಗಲ್ ಸೂಪರ್ ಫಾಸ್ಫೇಟ್, 1 ಕೆ.ಜಿ. ಕೊಳೆಸುವ ಜೀವಾಣು ಗೊಬ್ಬರವನ್ನು ಸಗಣಿ ಗೊಬ್ಬರದಲ್ಲಿ ಬೆರೆಸಿ ಮೇಲೆ ಎರಚಿ, ನೀರು ಬಿಡಿ. ಯೂರಿಯಾ ಬಿಟ್ಟು ಬರೀ ರವದಿ ಹಾಸಿದರೆ ಕೊಳೆಸುವ ಜೀವಾಣುಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಕೂಳೆ ಹಳದಿಯಾಗುತ್ತದೆ. “ರವದಿ ಹಾಕಿ ಬೆಳೆ ಕೆಟ್ಟಿತು” ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ನೀರಾವರಿ ಇಲ್ಲದ ಅಥಣಿ ಭಾಗದ ಎರಿ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳಕ್ಕೆ ಹಿರಿಯರು ಎಡೆ ಹೊಡೆಯುತ್ತಿದ್ದದ್ದು ಕಸಕ್ಕಾಗಿ ಮಾತ್ರ ಅಲ್ಲ. ಕುಂಟೆಯಿಂದ ಮೇಲಿನ ಎರಡು ಬೆರಳು ಮಣ್ಣು ಸಡಿಲವಾದರೆ ಬಿರುಕು ಮುಚ್ಚುತ್ತದೆ, ಕೆಳಗಿನ ತೇವ ಮೇಲೇರುವ ದಾರಿ ಕಡಿಯುತ್ತದೆ. ಕಳೆನಾಶಕ ಬಂದ ಮೇಲೆ ಕುಂಟೆ ಮೂಲೆ ಸೇರಿತು. ಒಣ ಬೇಸಾಯದಲ್ಲಿ ಇದು ಲಾಭದ ಬದಲಾವಣೆ ಅಲ್ಲವೆಂದೇ ನನ್ನ ಅಭಿಪ್ರಾಯ.

ಬೋದಿನ ತಲೆ ಬೆಳ್ಳಗಾದರೆ

ಮಾರ್ಚ್ ಏಪ್ರಿಲ್‌ನಲ್ಲಿ ಹೊಳೆಸಾಲಿನ ಹೊಲಗಳಲ್ಲಿ ನಡೆದು ನೋಡಿ. ಸಾಲಿನ ತಳ ಕಪ್ಪಗಿದ್ದು, ಬೋದಿನ ತಲೆಯ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಪುಡಿ ಕಾಣುತ್ತದೆ. ನೀರು ಸಾಲಿನಿಂದ ಬೋದಿನ ತುದಿಗೆ ಏರಿ, ಅಲ್ಲಿ ಆವಿಯಾಗಿ, ಉಪ್ಪನ್ನು ತುದಿಯಲ್ಲೇ ಬಿಟ್ಟು ಹೋಗಿರುತ್ತದೆ. ಇಂಥ ಹೊಲದಲ್ಲಿ ಬೋದಿನ ತಲೆಗೆ ಬೀಜ ಊರಿದರೆ ಮೊಳಕೆ ಸುಟ್ಟಿತೆಂದೇ ತಿಳಿಯಿರಿ. ನಾಟಿ ಬೋದಿನ ಮಗ್ಗುಲಲ್ಲಿ ಇರಲಿ.

ಉಪ್ಪು ಎಲ್ಲಿಂದ ಬಂತು? ನಾವೇ ಹಾಕಿದ್ದು. ನೀರಿನ ಲವಣಾಂಶವನ್ನು ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಅದು ಮೀಟರಿಗೆ 1 ಡೆಸಿಸೀಮೆನ್ಸ್ ಇದ್ದರೆ ಲೀಟರಿಗೆ ಸುಮಾರು 0.64 ಗ್ರಾಂ ಉಪ್ಪು ಇದೆಯೆಂದು ಅರ್ಥ. ಇಂಥ ಬಾವಿ ನೀರನ್ನು ವರ್ಷಕ್ಕೆ 1,500 ಮಿ.ಮೀ. ಕಬ್ಬಿಗೆ ಕೊಟ್ಟರೆ ಎಕರೆಗೆ 60 ಲಕ್ಷ ಲೀಟರ್ ನೀರು, ಅದರೊಡನೆ 3.8 ಟನ್ ಉಪ್ಪು. ನೀರು ಆವಿಯಾಯಿತು, ಉಪ್ಪು ಕೂತಿತು. ಮಳೆಗೆ ತೊಳೆದು ಕೆಳಗಿಳಿದರೆ ಸರಿ. ಆದರೆ ಅತಿಯಾಗಿ ಹಾಯಿಸಿ ಅಂತರ್ಜಲ ಐದಾರು ಅಡಿಗೆ ಬಂದ ಹೊಲದಲ್ಲಿ, ದೀಪದ ಬತ್ತಿ ಎಣ್ಣೆ ಎಳೆಯುವಂತೆ ಎರಿ ಮಣ್ಣು ಆ ನೀರನ್ನು ಉಪ್ಪಿನ ಸಮೇತ ಮೇಲಕ್ಕೆಳೆಯುತ್ತದೆ. ಸವಳು ಜವಳು ಎರಡೂ ಒಟ್ಟಿಗೆ ಬರುವುದು ಹೀಗೆ. ಮಣ್ಣಿನ ವಾಹಕತೆ 1.7 ದಾಟಿದರೆ ಕಬ್ಬಿನ ಇಳುವರಿ ಇಳಿಯತೊಡಗುತ್ತದೆ. ದ್ರಾಕ್ಷಿ ಇನ್ನೂ ಸೂಕ್ಷ್ಮ, 1.5ಕ್ಕೇ ಸೋಲುತ್ತದೆ.

ಇದಕ್ಕೆ ಮದ್ದು ಬಸಿಗಾಲುವೆ. ಉಗಾರ ಬುದ್ರುಕ ಭಾಗದಲ್ಲಿ ನೆಲದಡಿ ತೂತಿನ ಪೈಪ್ ಹಾಕಿ ಸವಳು ನೀರನ್ನು ಬಸಿದು ಹೊರಹಾಕುವ ಕೆಲಸ ನಡೆದಿದೆ. ಒಬ್ಬೊಬ್ಬರಾಗಿ ಮಾಡದೆ ಇಡೀ ಪಟ್ಟಿಯ ರೈತರು ಕೂಡಿ ಮಾಡಿದರೆ ಮಾತ್ರ ಇದು ಫಲಿಸುತ್ತದೆ, ಏಕೆಂದರೆ ನಿಮ್ಮ ಹೊಲದಿಂದ ಬಸಿದದ್ದು ಪಕ್ಕದವರ ಹೊಲಕ್ಕೆ ಹೋಗಬಾರದು. ಜಿಪ್ಸಂ ಬೇಕಾಗುವುದು ರಸಸಾರ 8.5 ದಾಟಿದ, ಸೋಡಿಯಂ ಹೆಚ್ಚಾದ ಕರಲು ಮಣ್ಣಿಗೆ. ಪರೀಕ್ಷೆ ಮಾಡಿಸದೆ, ಬಸಿಯುವ ದಾರಿಯಿಲ್ಲದ ಹೊಲಕ್ಕೆ ಟನ್‌ಗಟ್ಟಲೆ ಜಿಪ್ಸಂ ಸುರಿಯುವುದು ರೊಕ್ಕ ಹಾಳು.

ಗಾಣದ ಒಲೆ, ಕಾರ್ಖಾನೆಯ ಪಾತ್ರೆ

ಈಗ ನೀರನ್ನು ಓಡಿಸುವ ಕಡೆಗೆ ಬರೋಣ. ಒಂದು ಕೆ.ಜಿ. ಕಬ್ಬಿನ ಹಾಲನ್ನು 30 ಡಿಗ್ರಿಯಿಂದ ಕುದಿಗೆ ತರಲು ಸುಮಾರು 70 ಕಿಲೋಕ್ಯಾಲರಿ ಶಾಖ ಬೇಕು. ಕುದಿ ಬಂದ ಮೇಲೆ ಒಂದು ಕೆ.ಜಿ. ನೀರನ್ನು ಆವಿ ಮಾಡಲು 540. ಸಾವಿರ ಕೆ.ಜಿ. ಹಾಲಿನ ಕಡಾಯಿಯಲ್ಲಿ ಸುಮಾರು 800 ಕೆ.ಜಿ. ನೀರು ಹೋಗಬೇಕು. ಸಿಪ್ಪೆಯೆಲ್ಲ ಉರಿಯುವುದು ಈ ಕೆಲಸಕ್ಕೆ. ಗಾಣದಿಂದ ಬಂದ ಹಸಿ ಸಿಪ್ಪೆಯಲ್ಲಿ ಅರ್ಧ ತೂಕ ನೀರೇ. ಅದನ್ನು ಹಾಗೇ ಒಲೆಗೆ ಹಾಕಿದರೆ ಮೊದಲು ಸಿಪ್ಪೆಯ ನೀರು ಆವಿಯಾಗಬೇಕು, ಆಮೇಲೆ ಹಾಲಿನದು. ಚೆನ್ನಾಗಿ ಒಣಗಿಸಿದ ಸಿಪ್ಪೆ ಹೆಚ್ಚೂಕಡಿಮೆ ಎರಡರಷ್ಟು ಶಾಖ ಕೊಡುತ್ತದೆ. ಚಿಮಣಿಗೆ ಹೋಗುವ ಬಿಸಿ ಹೊಗೆಯ ದಾರಿಯಲ್ಲಿ ಎರಡನೇ ಕಡಾಯಿ ಕೂರಿಸಿ ಮುಂದಿನ ಪಾಳಿಯ ಹಾಲು ಕಾಯಿಸಿಕೊಂಡರೆ ಉರುವಲೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ಕುದಿ ಎಳೆದಷ್ಟೂ ಸಕ್ಕರೆ ಒಡೆದು ಬೆಲ್ಲ ಕಪ್ಪಾಗುವುದರಿಂದ, ಬೇಗ ಬತ್ತಿಸುವುದು ಬಣ್ಣಕ್ಕೂ ಒಳ್ಳೆಯದು. ಅಚ್ಚು ಬೆಲ್ಲಕ್ಕೆ 116ರಿಂದ 118 ಡಿಗ್ರಿ, ಪುಡಿ ಬೆಲ್ಲಕ್ಕೆ 120ರಿಂದ 122, ಜೋನಿ ಬೆಲ್ಲಕ್ಕೆ 105ರ ಆಸುಪಾಸು ಇಳಿಸಬೇಕು. ಪಾಕ ನೋಡುವವರ ಕಣ್ಣು ಎಷ್ಟೇ ಪಳಗಿರಲಿ, ಒಂದು ಥರ್ಮಾಮೀಟರ್ ಇಟ್ಟುಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್‌ನಿಂದ ಹಿಡಿದು ನಮ್ಮ ಭಾಗದಲ್ಲಿ ಸಕ್ಕರೆ ಕಾರ್ಖಾನೆಗಳು ಅನೇಕ. ದಿನಕ್ಕೆ 5,000 ಟನ್ ಕಬ್ಬು ನುರಿಸುವ ಕಾರ್ಖಾನೆ ಸುಮಾರು 3,700 ಟನ್ ನೀರನ್ನು ಆವಿ ಮಾಡಬೇಕು. ಗಾಣದ ಪದ್ಧತಿಯಲ್ಲಿ ಮಾಡಿದರೆ ಉರುವಲು ಸಾಲದು. ಇದಕ್ಕೆ ದಾರಿ ತೋರಿದವರು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ನಾರ್ಬರ್ಟ್ ರಿಲಿಯು; 1843ರಲ್ಲಿ ಅವರು ಪೇಟೆಂಟ್ ಪಡೆದರು. ಮೊದಲ ಪಾತ್ರೆಯ ಹಾಲಿನಿಂದ ಎದ್ದ ಆವಿಯನ್ನೇ ಎರಡನೇ ಪಾತ್ರೆ ಕಾಯಿಸಲು, ಅದರ ಆವಿಯನ್ನು ಮೂರನೆಯದಕ್ಕೆ. ಪಾತ್ರೆಯಿಂದ ಪಾತ್ರೆಗೆ ಒತ್ತಡ ಇಳಿಸುತ್ತಾ ಹೋಗುತ್ತಾರೆ; ಒತ್ತಡ ಇಳಿದಂತೆ ಕುದಿಯುವ ಬಿಂದುವೂ ಇಳಿಯುವುದರಿಂದ ಕೊನೆಯ ಪಾತ್ರೆಯಲ್ಲಿ ಹಾಲು 55 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ನಾಲ್ಕು ಪಾತ್ರೆ ಇದ್ದರೆ ಒಂದು ಟನ್ ಹಬೆ ಹೆಚ್ಚೂಕಡಿಮೆ ನಾಲ್ಕು ಟನ್ ನೀರು ಓಡಿಸುತ್ತದೆ. ಉಳಿದ ಸಿಪ್ಪೆಯಿಂದಲೇ ಕಾರ್ಖಾನೆಗಳು ಕರೆಂಟು ಮಾರುತ್ತಿರುವುದು.

ಕಾರ್ಖಾನೆಯ ಗೇಟಿನ ಹೊರಗೂ ಆವಿ ನಡೆಯುತ್ತಲೇ ಇರುತ್ತದೆ. ಕಡಿದ ಕಬ್ಬು ಪಾಳಿಯಲ್ಲಿ ನಿಂತಷ್ಟು ಹೊತ್ತೂ ತೂಕ ಕಳೆದುಕೊಳ್ಳುತ್ತದೆ. ದಿನಕ್ಕೆ ನೂರಕ್ಕೆ ಒಂದರಂತೆ ಇಳಿದರೂ 20 ಟನ್ ಲೋಡಿನಲ್ಲಿ 200 ಕೆ.ಜಿ. ಹೋಯಿತು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಈ ತೂಕದ ನಷ್ಟ ಪೂರ್ತಿ ರೈತನದು. ಪಾಳಿ ಖಾತ್ರಿಯಾಗದೆ ಕಟಾವಿಗೆ ಒಪ್ಪಬೇಡಿ. ನಿಲ್ಲಲೇಬೇಕಾದರೆ ಲೋಡಿನ ಮೇಲೆ ರವದಿ ಹೊದಿಸಿ ನೀರು ಚಿಮುಕಿಸಿ.

ಗಾಳಿ ಪುಕ್ಕಟೆ ಮಾಡುವ ಕೆಲಸ

ಅಥಣಿ, ಕಾಗವಾಡದ ಒಣ ಹವೆ ಕಬ್ಬಿಗೆ ಶಾಪವಾದರೂ ಮಣೂಕಿಗೆ ವರ. ನೂರು ಕೆ.ಜಿ. ದ್ರಾಕ್ಷಿಯಲ್ಲಿ 22 ಕೆ.ಜಿ. ಘನಾಂಶವಿದ್ದರೆ, ನೂರಕ್ಕೆ 15ರ ತೇವಕ್ಕೆ ಒಣಗಿಸಿದಾಗ ಸುಮಾರು 26 ಕೆ.ಜಿ. ಮಣೂಕ ಸಿಗುತ್ತದೆ. ದರದ ಆತುರಕ್ಕೆ ಘನಾಂಶ 18 ಇರುವಾಗಲೇ ಕೊಯ್ದರೆ ಬರೀ 21 ಕೆ.ಜಿ. ಟನ್ ದ್ರಾಕ್ಷಿಯಿಂದ ಗಾಳಿ ಹೊತ್ತೊಯ್ಯುವ ಸುಮಾರು 740 ಕೆ.ಜಿ. ನೀರನ್ನು ಯಂತ್ರದಿಂದ ತೆಗೆಯುವುದಾದರೆ, ಶಾಖ ಒಂದಿಷ್ಟೂ ಪೋಲಾಗದಿದ್ದರೂ 45 ಲೀಟರಿನಷ್ಟು ಡೀಸೆಲ್ ಬೇಕು.

ಹಣ್ಣಿನ ಮೇಲಿನ ಮೇಣದ ಪದರ ನೀರನ್ನು ಬಿಡುವುದಿಲ್ಲ. ಅದಕ್ಕೇ ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿ.ಲೀ. ಡಿಪ್ಪಿಂಗ್ ಆಯಿಲ್ ಬೆರೆಸಿ ಎರಡರಿಂದ ನಾಲ್ಕು ನಿಮಿಷ ಅದ್ದುವುದು. ಆಮೇಲೆ ನೆರಳಿನ ರ‍್ಯಾಕ್‌ನಲ್ಲಿ 12ರಿಂದ 15 ದಿನ. ಶೆಡ್‌ನ ಉದ್ದ ಮಗ್ಗುಲು ಗಾಳಿಗೆ ಎದುರಾಗಿರಲಿ, ಜಾಳಿಗೆಯ ಮೇಲೆ ಗೊಂಚಲು ಒಂದೇ ಪದರ ಇರಲಿ. ಮೋಡ ಕಟ್ಟಿದಾಗ ತಾಡಪತ್ರಿ ಇಳಿಸುವುದು ಸರಿ, ಆದರೆ ಮಳೆ ನಿಂತ ಮೇಲೂ ಅದನ್ನು ಎತ್ತದೆ ಬಿಟ್ಟರೆ ಒಳಗಿನ ತೇವ ಹೊರಹೋಗದೆ ಹಣ್ಣು ಕಂದಾಗುತ್ತದೆ.

ಈ ಹಂಗಾಮಿನ ಕಟಾವು ಮುಗಿದ ಕೂಡಲೇ ಎರಡು ಕೆಲಸ ಮಾಡಿ. ಒಂದೆಕರೆಯಲ್ಲಾದರೂ ರವದಿ ಸುಡದೆ ಹಾಸಿ, ಪಕ್ಕದ ಸುಟ್ಟ ಎಕರೆಗೆ ಎಷ್ಟು ಸಲ ನೀರು ಕೊಟ್ಟಿರಿ, ಇದಕ್ಕೆ ಎಷ್ಟು ಎಂದು ಬರೆದಿಡಿ. ಬಾವಿ ಅಥವಾ ಬೋರಿನ ಒಂದು ಬಾಟಲಿ ನೀರು, ಹೊಲದ ಒಂದು ಹಿಡಿ ಮಣ್ಣು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಗೋಕಾಕ ಬಳಿಯ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ವಾಹಕತೆ, ರಸಸಾರ ನೋಡಿಸಿ. ಕಬ್ಬಿನ ವಿಷಯದಲ್ಲಿ ಹೆಚ್ಚಿನ ಸಲಹೆ ಬೇಕಾದವರು ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು.