ಕಡುಬಿನ ಜೊತೆಗೆ ಕಾಳು, ಗದ್ದೆಯಲ್ಲಿ ಅಲಸಂದೆ



ಕಳಸ, ಸಂಸೆ, ಹೊರನಾಡು ಭಾಗದ ಮನೆಗಳಲ್ಲಿ ಬೆಳಗಿನ ತಿಂಡಿ ಎಂದರೆ ಹೊಟ್ಟೆ ತುಂಬುವ ತಿಂಡಿ. ಅಕ್ಕಿ ತರಿಯ ಬಿಸಿ ಕಡುಬು, ಕೆಂಡದ ಮೇಲೆ ಉಬ್ಬಿಸಿದ ಅಕ್ಕಿ ರೊಟ್ಟಿ, ಒತ್ತು ಶಾವಿಗೆ, ಮಳೆಗಾಲದಲ್ಲಿ ಕೆಸುವಿನ ಪತ್ರೊಡೆ, ಹಲಸಿನ ಕಾಲದಲ್ಲಿ ಹಲಸಿನ ಹಣ್ಣಿನ ಕಡುಬು - ಇವುಗಳ ರುಚಿಯನ್ನು ತಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಏರು ತೋಟದಲ್ಲಿ ಮಧ್ಯಾಹ್ನದವರೆಗೆ ಕಾಫಿ ಹಣ್ಣು ಕುಯ್ಯುವವರಿಗೆ ಇಂಥ ತಿಂಡಿಯೇ ಬೇಕು. ಆದರೆ ಕುಯ್ಲಿನ ಗಡಿಬಿಡಿಯಲ್ಲಿ ಅನೇಕ ಮನೆಗಳಲ್ಲಿ ಕಡುಬಿಗೆ ಬರಿಯ ಕಾಯಿ ಚಟ್ನಿ, ಜೊತೆಗೊಂದು ಲೋಟ ಕಾಫಿ, ಇಷ್ಟಕ್ಕೇ ತಿಂಡಿ ಮುಗಿಯುತ್ತದೆ. ಎಲ್ಲರಿಗೂ ಬಡಿಸಿ, ತಾವು ಮಾತ್ರ ಕಾಫಿ ಕುಡಿದೇ ತೋಟಕ್ಕೆ ಇಳಿಯುವ ಹೆಂಗಸರೂ ಇದ್ದಾರೆ. ಈ ತಿಂಡಿಯಲ್ಲಿರುವ ಕೊರತೆ ಯಾವುದು, ಅದನ್ನು ನಮ್ಮ ಗದ್ದೆಯಿಂದಲೇ ಹೇಗೆ ತುಂಬಿಕೊಳ್ಳಬಹುದು ಎಂಬುದನ್ನು ಇಲ್ಲಿ ನೋಡೋಣ.

ಅಕ್ಕಿಗೆ ಕಾಳು ಏಕೆ ಬೇಕು?

ಅಕ್ಕಿ ದುಡಿಯುವ ಶಕ್ತಿಯನ್ನು ಕೊಡುತ್ತದೆ. ಆದರೆ 100 ಗ್ರಾಂ ಅಕ್ಕಿಯಲ್ಲಿರುವ ಸಸಾರಜನಕ, ಅಂದರೆ ಪ್ರೋಟೀನು, ಸುಮಾರು 8 ಗ್ರಾಂ ಮಾತ್ರ. ಅದರಲ್ಲಿಯೂ ಲೈಸಿನ್ ಎಂಬ ಅಂಶ ಕಡಿಮೆ. ಕಾಳುಗಳಲ್ಲಿ ಲೈಸಿನ್ ಹೇರಳವಾಗಿದ್ದು, ಮಿಥಿಯೋನಿನ್ ಎಂಬ ಇನ್ನೊಂದು ಅಂಶ ಕಡಿಮೆಯಿರುತ್ತದೆ. ಅದು ಅಕ್ಕಿಯಲ್ಲಿದೆ. ಒಂದರ ಕೊರತೆಯನ್ನು ಇನ್ನೊಂದು ನೀಗಿಸುವುದರಿಂದ ಎರಡನ್ನೂ ಕೂಡಿಸಿ ತಿನ್ನುವುದೇ ಲಾಭ.

60 ಕಿಲೋ ತೂಕದ ವ್ಯಕ್ತಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನು ಬೇಕು. 100 ಗ್ರಾಂ ತರಿಯ ಕಡುಬಿನಿಂದ ಸಿಗುವುದು ಅದರ ಆರರಲ್ಲೊಂದು ಪಾಲು. ಅದಕ್ಕೆ 30 ಗ್ರಾಂ ಅಲಸಂದೆಯ ಸಾರು ಅಥವಾ ಉಸುಳಿ ಸೇರಿದರೆ ಇನ್ನೂ 7 ಗ್ರಾಂ ದೊರೆತು, ದಿನದ ಅಗತ್ಯದ ಮೂರರಲ್ಲೊಂದು ಪಾಲಿನ ಸಮೀಪಕ್ಕೆ ಬರುತ್ತದೆ.

ಕಾಫಿ ಮೊದಲು, ತಿಂಡಿ ಆಮೇಲೆ

ಎರಡನೆಯದು ಕಬ್ಬಿಣಾಂಶದ ಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 48ರಷ್ಟು ಮಂದಿಗೆ ರಕ್ತಹೀನತೆ ಇತ್ತು. ರಕ್ತಹೀನತೆಯಿದ್ದವರಿಗೆ ಏರು ಹತ್ತುವಾಗ ಬೇಗ ಏದುಸಿರು ಬರುತ್ತದೆ, ಕೈಕಾಲು ಸೋಲುತ್ತದೆ.

ಕಾಫಿ ಬೆಳೆಯುವ ನಾವು ತಿಳಿದಿರಬೇಕಾದ ಸಂಗತಿಯೊಂದಿದೆ. ಕಾಫಿ ಮತ್ತು ಚಹಾದಲ್ಲಿರುವ ಒಗರಿನ ಅಂಶಗಳು ಆಹಾರದ ಕಬ್ಬಿಣಾಂಶವನ್ನು ಶರೀರವು ಹೀರಿಕೊಳ್ಳದಂತೆ ತಡೆಯುತ್ತವೆ. 1983ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಊಟದ ಜೊತೆ ಕುಡಿದ ಒಂದು ಲೋಟ ಕಾಫಿಯಿಂದ ಈ ಹೀರಿಕೆ ಶೇಕಡಾ 39ರಷ್ಟು, ಚಹಾದಿಂದ ಶೇಕಡಾ 64ರಷ್ಟು ತಗ್ಗಿತು. ಊಟವಾದ ಒಂದು ಗಂಟೆಯ ನಂತರ ಕುಡಿದ ಕಾಫಿಯೂ ಅಷ್ಟೇ ಅಡ್ಡಿ ಮಾಡಿತು. ಆದರೆ ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ತೊಂದರೆಯಾಗಲಿಲ್ಲ.

ಆದ್ದರಿಂದ ಎದ್ದ ಕೂಡಲೆ ಕುಡಿಯುವ ಬೆಲ್ಲದ ಕಾಫಿಯನ್ನು ತಾವು ಬಿಡಬೇಕಾಗಿಲ್ಲ. ತಿಂಡಿಯ ಜೊತೆಗಿನ ಎರಡನೆಯ ಲೋಟವನ್ನು ಮಾತ್ರ ಹತ್ತು ಗಂಟೆಗೆ ಮುಂದೂಡಿ. ಅದರ ಬದಲು ಸಾರು ಇಳಿಸಿದ ಮೇಲೆ ಗಜನಿಂಬೆ ಅಥವಾ ನಿಂಬೆಯ ರಸವನ್ನು ಹಿಂಡಿಕೊಳ್ಳಿ. ಹುಳಿಯಲ್ಲಿರುವ 'ಸಿ' ಜೀವಸತ್ವವು ಕಬ್ಬಿಣಾಂಶದ ಹೀರಿಕೆಯನ್ನು ಹೆಚ್ಚಿಸುತ್ತದೆ. ಕುದಿಸಿದರೆ ಈ ಜೀವಸತ್ವ ನಷ್ಟವಾಗುವುದರಿಂದ ಕೊನೆಯಲ್ಲಿ ಹಿಂಡುವುದು ಒಳ್ಳೆಯದು.

ಐದು ಗುಂಟೆ ಅಲಸಂದೆ

ಕಾಳನ್ನು ಅಂಗಡಿಯಿಂದಲೇ ತರಬೇಕೆಂದಿಲ್ಲ. ಭತ್ತದ ಕೊಯ್ಲು ಮುಗಿದ ಮೇಲೆ ನಮ್ಮ ಗದ್ದೆಗಳು ಬಹುಪಾಲು ಬೀಳು ಬಿದ್ದಿರುತ್ತವೆ. ಮಣ್ಣಿನ ತೇವ ಆರುವ ಮೊದಲೇ ಒಮ್ಮೆ ಉತ್ತು ಅಲಸಂದೆಯನ್ನು ಬಿತ್ತಬಹುದು. ತಡ ಮಾಡಿದರೆ ಮೊಳಕೆ ಸರಿಯಾಗಿ ಬರುವುದಿಲ್ಲ.

ಎಕರೆಗೆ 8ರಿಂದ 10 ಕಿಲೋ ಬೀಜ ಬೇಕಾಗುತ್ತದೆ. ಐದು ಗುಂಟೆಗಾದರೆ ಒಂದು ಕಿಲೋ, ಹೆಚ್ಚೆಂದರೆ ಒಂದೂಕಾಲು ಕಿಲೋ ಸಾಕು. ಬೀಜಕ್ಕೆ ರೈಜೋಬಿಯಂ ಲೇಪಿಸಿ, ನೆರಳಿನಲ್ಲಿ ಆರಿಸಿ ಬಿತ್ತಿರಿ. ನೀರು ನಿಲ್ಲುವ ತಗ್ಗಿನ ಗದ್ದೆಯಲ್ಲಿ ಬಸಿಗಾಲುವೆ ತೆಗೆಯುವುದು ಅವಶ್ಯ. ಕುಡಿಗಳಲ್ಲಿ ಸಸ್ಯಹೇನು ಕಂಡರೆ ಶೇಕಡಾ 5ರ ಬೇವಿನ ಬೀಜದ ಕಷಾಯವನ್ನು ಸಿಂಪಡಿಸಬಹುದು. ಸಿ-152, ಕೆಬಿಸಿ-1 ನಮ್ಮ ರಾಜ್ಯದಲ್ಲಿ ಪರಿಚಿತವಾದ ತಳಿಗಳು. ಬೀಜಕ್ಕಾಗಿ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಿರಿ.

ಎಕರೆಗೆ ಎರಡೇ ಕ್ವಿಂಟಾಲ್ ಎಂದು ಕಡಿಮೆ ಹಿಡಿದರೂ ಐದು ಗುಂಟೆಯಿಂದ 25 ಕಿಲೋ ಕಾಳು ಬರುತ್ತದೆ. ಐದು ಜನರ ಮನೆಯಲ್ಲಿ ತಲೆಗೆ 30 ಗ್ರಾಂನಂತೆ ದಿನಕ್ಕೆ 150 ಗ್ರಾಂ ಬಳಸಿದರೆ ಐದು ತಿಂಗಳು ಮೀರಿ ಸಾಲುತ್ತದೆ. ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ಮಳೆಗಾಲದ ತಿಂಡಿಗೂ ಒದಗುತ್ತದೆ. ಅಲಸಂದೆಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ, ಕಾಯಿ ಬಿಡಿಸಿದ ಬಳ್ಳಿಯನ್ನು ಮಣ್ಣಿಗೆ ಸೇರಿಸಿದರೆ ಮುಂದಿನ ಭತ್ತಕ್ಕೂ ಅನುಕೂಲ.

ಇದಕ್ಕಿರುವ ದೊಡ್ಡ ಅಡ್ಡಿ ಎಂದರೆ ಕೊಯ್ಲಾದ ಗದ್ದೆಗೆ ದನ ಬಿಡುವ ರೂಢಿ. ಒಬ್ಬರೇ ಬಿತ್ತಿದರೆ ಬೇಲಿಯ ಖರ್ಚೇ ಹೆಚ್ಚಾದೀತು. ಒಂದೇ ಬಯಲಿನ ನಾಲ್ಕಾರು ಮನೆಯವರು ಮೊದಲೇ ಮಾತಾಡಿಕೊಂಡು, ಒಟ್ಟಾಗಿ ಬಿತ್ತಿ ಕಾಯುವುದು ಉತ್ತಮ.

ಕುಯ್ಲಿನ ದಿನಗಳಲ್ಲಿ ಕಾಳು ಬೇಯಿಸಲು ಪುರಸೊತ್ತಿಲ್ಲ ಎನ್ನಬಹುದು. ರಾತ್ರಿಯೇ ನೆನೆಹಾಕಿದ ಕಾಳು ಬೆಳಿಗ್ಗೆ ಬೇಗ ಬೇಯುತ್ತದೆ. ಕಡುಬು ಹಬೆಯಲ್ಲಿರುವಾಗಲೇ ಸಾರೂ ಸಿದ್ಧವಾಗುತ್ತದೆ.

ಗದ್ದೆಗಳು ಅಡಿಕೆ ತೋಟಗಳಾಗುತ್ತಿರುವ ಕಾಲವಿದು. ಅಡಿಕೆಯ ಆದಾಯವನ್ನು ಅಲ್ಲಗಳೆಯಲಾಗದು. ಆದರೆ ಉಳಿದಿರುವ ಗದ್ದೆಯ ಬೆಲೆ ಕಟ್ಟುವಾಗ ಭತ್ತದ ಜೊತೆಗೆ ಈ 25 ಕಿಲೋ ಕಾಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಬರುವ ಕೊಯ್ಲಿನ ನಂತರ ಐದು ಗುಂಟೆಯಲ್ಲಾದರೂ ಬಿತ್ತಿ ನೋಡಿರಿ. ಹಾಗೆಯೇ, ಬಡಿಸುವವರೂ ಎಲ್ಲರ ಜೊತೆ ಕುಳಿತು ತಿಂಡಿ ತಿಂದೇ ತೋಟಕ್ಕೆ ಹೊರಡುವ ಪದ್ಧತಿಯನ್ನು ನಾಳೆಯಿಂದಲೇ ರೂಢಿಸಿಕೊಳ್ಳಿರಿ.